ಮೊದಲ ಟ್ರಯಥ್ಲಾನ್‌ಗೆ ಯಾವ ಸೈಕಲ್: ರೋಡ್ ಬೈಕೋ, ಟ್ರೈ ಬೈಕೋ?

ಪ್ರಶ್ನೆ: ಕಾರವಾರದಲ್ಲಿ ಕೆಲಸ, ಊರು ಶಿರಸಿ. ವಯಸ್ಸು 32, ಎತ್ತರ 5 ಅಡಿ 6 ಇಂಚು. ಎರಡು ಹಾಫ್ ಮ್ಯಾರಥಾನ್ ಓಡಿದ್ದೇನೆ, ಈಜು ಈಗ ಕಲಿಯುತ್ತಿದ್ದೇನೆ. ಸದ್ಯಕ್ಕೆ ಇರುವುದು ಒಂದು ಹಳೆಯ ಹೈಬ್ರಿಡ್ ಸೈಕಲ್. ಈ ವರ್ಷ ಒಂದು ಸ್ಪ್ರಿಂಟ್ ಟ್ರಯಥ್ಲಾನ್ (ಈಜು, ಸೈಕಲ್, ಓಟ ಒಂದರ ಹಿಂದೆ ಒಂದು ಬರುವ ಸ್ಪರ್ಧೆಯ ಚಿಕ್ಕ ರೂಪ) ಮಾಡಿ, ಆಮೇಲೆ ಗೋವಾದ ಹಾಫ್ ಟ್ರಯಥ್ಲಾನ್‌ಗೆ ಇಳಿಯಬೇಕು ಅಂತ ಆಸೆ. ಕೈಯಲ್ಲಿ 1 ಲಕ್ಷ 20 ಸಾವಿರ ಇದೆ. ಪರಿಚಯದವರೊಬ್ಬರು ತಮ್ಮ ಹಳೆಯ ಕಾರ್ಬನ್ ಟ್ರೈ ಬೈಕ್ ಅನ್ನು ಅಷ್ಟಕ್ಕೇ ಕೊಡುತ್ತೇನೆ ಅಂತಿದ್ದಾರೆ. ಫ್ರೇಮ್ ಸೈಜ್ 56. "ಹೇಗೂ ಟ್ರಯಥ್ಲಾನ್ ಮಾಡ್ತೀಯಲ್ಲ, ಮೊದಲು ಒಂದು ಆಮೇಲೆ ಒಂದು ಅಂತ ಎರಡು ಸಲ ಯಾಕೆ ದುಡ್ಡು ಹಾಕ್ತೀಯ" ಎನ್ನುವುದು ಅವರ ಮಾತು. ಏನು ಮಾಡಲಿ?

ಉತ್ತರ: ರೋಡ್ ಬೈಕ್ ತಗೊಳ್ಳಿ. ಆ ಟ್ರೈ ಬೈಕ್ ಬಿಟ್ಟುಬಿಡಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಪರಿಚಯದವರ ಮಾತು ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಕಾರಣ ಗೊತ್ತಿಲ್ಲದೆ ಬೇಡ ಅಂದರೆ, ನಾಳೆ ಇನ್ನೊಬ್ಬರು ಅದನ್ನೇ ಹೇಳಿದಾಗ ಮನಸ್ಸು ಮತ್ತೆ ಅತ್ತ ವಾಲುತ್ತದೆ. ನಾನು ಹದಿನಾಲ್ಕು ವರ್ಷದಿಂದ ಈ ಜಿಲ್ಲೆಯ ರಸ್ತೆಗಳಲ್ಲಿ ಸೈಕಲ್ ಓಡಿಸುತ್ತಿದ್ದೇನೆ, ಹೊಸಬರಿಗೆ ಕಲಿಸುತ್ತೇನೆ, ಅವರ ಸೈಕಲ್ ಬಿಚ್ಚಿ ಜೋಡಿಸುವುದನ್ನೂ ಮಾಡುತ್ತೇನೆ. ಟ್ರೈ ಬೈಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಒಂದೇ ಒಂದು ಕೆಲಸಕ್ಕೆ ಅಂತ ಮಾಡಿದ ಸೈಕಲ್, ಆ ಕೆಲಸದಲ್ಲಿ ಅದನ್ನು ಮೀರಿಸುವುದು ಬೇರೆ ಇಲ್ಲ. ಆ ಕೆಲಸ ಯಾವುದು ಅಂತ ಮೊದಲು ನೋಡೋಣ.

ಸಾಮಾನ್ಯ ಸ್ಪರ್ಧಿಗಳಿಗೆ ಇರುವ ಹೆಚ್ಚಿನ ಟ್ರಯಥ್ಲಾನ್‌ಗಳಲ್ಲಿ ಮುಂದಿನವರ ಬೆನ್ನಿಗೆ ಅಂಟಿಕೊಂಡು, ಗಾಳಿ ತಪ್ಪಿಸಿಕೊಂಡು ಓಡಿಸುವ ಹಾಗಿಲ್ಲ. ನೀವು ಹೇಳಿದ ಗೋವಾದ ಹಾಫ್, ಅಂದರೆ 2019ರಲ್ಲಿ ಪಣಜಿಯ ಮೀರಾಮಾರ್ ಕಡಲತೀರದಲ್ಲಿ ಶುರುವಾದ ಐರನ್‌ಮ್ಯಾನ್ 70.3, ಅದರಲ್ಲೂ ನಮ್ಮಂಥವರು ಮುಂದಿನ ಸೈಕಲ್ಲಿಗೆ 12 ಮೀಟರ್ ಜಾಗ ಬಿಡಬೇಕು. 1.9 ಕಿಲೋಮೀಟರ್ ಈಜು ಮುಗಿಸಿ ಬಂದು 90 ಕಿಲೋಮೀಟರ್ ಪೂರ್ತಿ ಒಬ್ಬರೇ ಗಾಳಿ ಸೀಳಿಕೊಂಡು ಹೋಗಬೇಕು, ಅದಾದ ಮೇಲೆ 21.1 ಕಿಲೋಮೀಟರ್ ಓಡಬೇಕು. ಸಪಾಟು ರಸ್ತೆಯಲ್ಲಿ ಗಂಟೆಗೆ ಮೂವತ್ತರ ಮೇಲೆ ಹೋಗುತ್ತಿದ್ದರೆ ನಿಮ್ಮ ಶಕ್ತಿಯ ಬಹುಪಾಲು ಹೋಗುವುದು ಗಾಳಿಯನ್ನು ತಳ್ಳುವುದಕ್ಕೇ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಆ ಗಾಳಿ ಬಡಿಯುವುದು ಸೈಕಲ್ಲಿಗಿಂತ ಜಾಸ್ತಿ ನಿಮ್ಮ ಮೈಗೆ: ಎದೆ, ಭುಜ, ತಲೆ. ಹಾಗಾಗಿ ಮೈಯನ್ನು ತಗ್ಗಿಸಿ, ಕೈಗಳನ್ನು ಒಟ್ಟಿಗೆ ಮುಂದಕ್ಕೆ ಚಾಚಿ, ಗಾಳಿಗೆ ಚಿಕ್ಕದಾಗಿ ಕಾಣಿಸುವಂತೆ ಕೂರಿಸುವ ಸೈಕಲ್ ಮಾಡಿದರು. ಅದೇ ಟ್ರೈ ಬೈಕ್.

ಹತ್ತಿರ ಹೋಗಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ರೋಡ್ ಬೈಕಿನಲ್ಲಿ ಕೆಳಕ್ಕೆ ಬಾಗಿದ ಹ್ಯಾಂಡಲ್. ಅದರ ಮೇಲೆ ಕೈ ಇಡಲು ಮೂರು ಜಾಗ ಇವೆ, ಅದರಲ್ಲಿ ಎರಡು ಕಡೆ ಬ್ರೇಕೂ ಗೇರೂ ಬೆರಳ ತುದಿಯಲ್ಲೇ ಇರುತ್ತವೆ. ಟ್ರೈ ಬೈಕಿನಲ್ಲಿ ಮುಂದಕ್ಕೆ ಎರಡು ಕೊಂಬಿನ ಹಾಗೆ ಚಾಚಿದ ಬಾರ್, ಅದರ ಹಿಂದೆ ಮೊಣಕೈ ಊರಲು ಎರಡು ಪುಟ್ಟ ದಿಂಬು. ಗೇರು ಇರುವುದು ಆ ಕೊಂಬಿನ ತುದಿಯಲ್ಲಿ. ಬ್ರೇಕ್ ಇರುವುದು ಮಾತ್ರ ಬೇರೆ ಕಡೆ, ಅಗಲವಾದ ಹೊರಗಿನ ಹ್ಯಾಂಡಲ್ಲಿನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಸೀಟಿನ ಕೊಳವೆಯೂ ಬೇರೆ: ರೋಡ್ ಬೈಕಿನಲ್ಲಿ ಅದು ಸಾಮಾನ್ಯವಾಗಿ 72ರಿಂದ 74 ಡಿಗ್ರಿ, ಟ್ರೈ ಬೈಕಿನಲ್ಲಿ 76ರಿಂದ 80ರವರೆಗೆ. ಅಂದರೆ ನೀವು ಪೆಡಲ್ಲಿನ ಮೇಲಕ್ಕೆ, ಮುಂದಕ್ಕೆ ಬಂದು ಕೂರುತ್ತೀರಿ. ಇಲ್ಲದಿದ್ದರೆ ಅಷ್ಟು ಬಗ್ಗಿದಾಗ ತೊಡೆ ಹೊಟ್ಟೆಗೆ ಒತ್ತುತ್ತದೆ, ಸೊಂಟ ಮಡಚಿಕೊಳ್ಳುತ್ತದೆ, ಕಾಲಿಗೆ ಬಲ ಬರುವುದಿಲ್ಲ.

ಇದೆಲ್ಲ ಸುಮ್ನೆ ಫ್ಯಾಶನ್ ಅಲ್ಲ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್ ಇತ್ತು, ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವುದು. ಗ್ರೆಗ್ ಲೆಮಾಂಡ್, ಮೊದಲ ಸ್ಥಾನದಲ್ಲಿದ್ದ ಲಾರೆಂಟ್ ಫಿನ್ಯಾನ್‌ಗಿಂತ 50 ಸೆಕೆಂಡ್ ಹಿಂದಿದ್ದರು. ಟ್ರಯಥ್ಲಾನ್‌ನವರು ಬಳಸುತ್ತಿದ್ದ ಏರೋಬಾರ್, ಅಂದರೆ ಮುಂದಕ್ಕೆ ಚಾಚಿದ ಕೊಂಬಿನಂಥ ಬಾರ್, ಹಾಕಿಕೊಂಡು ಲೆಮಾಂಡ್ ಓಡಿಸಿದರು, ಫಿನ್ಯಾನ್ ಸಾಮಾನ್ಯ ಟೈಮ್ ಟ್ರಯಲ್ ಹ್ಯಾಂಡಲ್ಲಿನಲ್ಲೇ ಹೋದರು. ಇಡೀ ಟೂರ್ ಅನ್ನು ಲೆಮಾಂಡ್ ಗೆದ್ದದ್ದು 8 ಸೆಕೆಂಡಿನಿಂದ. ನಾನು ಈ ಕಥೆಯನ್ನು ಹೊಸಬರಿಗೆಲ್ಲ ಹೇಳುವುದು ಒಂದು ಕಾರಣಕ್ಕೆ: ಅವತ್ತು ಲಾಭ ಕೊಟ್ಟದ್ದರಲ್ಲಿ ದೊಡ್ಡ ಪಾಲು ಅವರು ಕೂತ ಭಂಗಿಯದ್ದು. ಆ ಭಂಗಿಯ ಬಹುಪಾಲು ರೋಡ್ ಬೈಕಿಗೆ ಒಂದು ಜೋಡಿ ಬಾರ್ ಬಿಗಿದರೂ ಸಿಗುತ್ತದೆ.

ಈಗ ನಮ್ಮ ರಸ್ತೆಗೆ ಬರೋಣ.

ಕೆಲವು ವರ್ಷದ ಹಿಂದೆ ಗೆಳೆಯರೊಬ್ಬರ ಟ್ರೈ ಬೈಕನ್ನು ಒಂದು ತಿಂಗಳು ಓಡಿಸಿದ್ದೆ. ಒಂದು ಭಾನುವಾರ ಬೆಳಿಗ್ಗೆ ಆರೂವರೆ, ಕಾರವಾರದಿಂದ ಅಂಕೋಲಾ ಕಡೆ ಹೊರಟಿದ್ದೆ. ಬಿಣಗಾ, ಅಮದಳ್ಳಿ ದಾಟಿ ಅವರ್ಸಾ ಹತ್ತಿರ ಬಂದಿದ್ದೆ. ರಸ್ತೆ ಖಾಲಿ, ಮೊಣಕೈ ದಿಂಬಿನ ಮೇಲೆ, ವೇಗ 35. ಬಹಳ ಚೆನ್ನಾಗಿ ಹೋಗುತ್ತಿತ್ತು, ನಿಜಕ್ಕೂ ಹಾರುತ್ತಿದ್ದೇನೆ ಅನಿಸುವ ಹಾಗೆ. ಡಿವೈಡರ್ ಮೇಲೆ ಎರಡು ಹಸು ಮಲಗಿದ್ದವು, ಅದನ್ನು ನೋಡಿದ್ದೆ. ಅವುಗಳ ಹಿಂದೆ ಇದ್ದ ಕರುವನ್ನು ನೋಡಿರಲಿಲ್ಲ. ಅದು ಎದ್ದು ನೇರ ರಸ್ತೆಗೆ ಇಳಿಯಿತು. ಗಂಟೆಗೆ 35 ಅಂದರೆ ಸೆಕೆಂಡಿಗೆ ಹತ್ತು ಮೀಟರ್ ಹತ್ತಿರ. ನನ್ನ ಕೈ ಎರಡೂ ಮುಂದಿನ ಕೊಂಬಿನಲ್ಲಿ. ಮೊಣಕೈ ಎತ್ತಬೇಕು, ಕೈ ಬಿಡಿಸಿಕೊಳ್ಳಬೇಕು, ಹೊರಗಿನ ಹ್ಯಾಂಡಲ್ ಹಿಡಿಯಬೇಕು, ಆಮೇಲೆ ಬ್ರೇಕ್. ಇದಕ್ಕೆಲ್ಲ ಒಂದು ಸೆಕೆಂಡ್ ಸಾಕು, ಆದರೆ ಆ ಸೆಕೆಂಡಿನಲ್ಲಿ ಹತ್ತು ಮೀಟರ್ ಹೋಗಿಬಿಟ್ಟಿತ್ತು. ಬ್ರೇಕ್ ಹಿಡಿಯುವ ಹೊತ್ತಿಗೆ ಕರುವಿನ ಕಣ್ಣಿನ ರೆಪ್ಪೆ ಕಾಣುತ್ತಿತ್ತು. ಎಡಕ್ಕೆ ಎಳೆದೆ, ಡಾಂಬರು ಮುಗಿದು ಕೆಂಪು ಮಣ್ಣು, ಜಲ್ಲಿ. ಸೈಕಲ್ ಜಾರಿ ಮೊಣಕಾಲು, ಮೊಣಕೈ ಎರಡೂ ತರಚಿ ಹೋಯಿತು. ಕರುವಿಗೆ ಏನೂ ಆಗಲಿಲ್ಲ, ಅದೊಂದು ಸಮಾಧಾನ. ರೋಡ್ ಬೈಕಿನಲ್ಲಿ ಬ್ರೇಕ್ ಮೇಲೆಯೇ ಬೆರಳು ಇದ್ದಿದ್ದರೆ ಅಷ್ಟು ದೂರ ಹೋಗುತ್ತಲೇ ಇರಲಿಲ್ಲ.

ವರ್ಷಗಟ್ಟಲೆ ಅನುಭವ ಇದ್ದವರಿಗೇ ಹೀಗಾಗುತ್ತದೆ ಅಂದಮೇಲೆ ಮೊದಲ ವರ್ಷದವರಿಗೆ ಏನು ಹೇಳುವುದು? ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ 66ರಲ್ಲಿ ಬೆಳಿಗ್ಗೆ ಹೊರಟು ನೋಡಿ. ದನ ಇದೆ, ನಾಯಿ ಇದೆ, ಉಲ್ಟಾ ಬರುವ ಸ್ಕೂಟರ್ ಇದೆ, ಊರು ಬಂದಲ್ಲೆಲ್ಲ ಬ್ಯಾರಿಕೇಡ್ ಮತ್ತು ಉಬ್ಬುಪಟ್ಟಿ. ಮೀನಿನ ಲಾರಿ ಹೋದ ದಾರಿಯಲ್ಲಿ ಸುರಿದ ನೀರು ಇನ್ನೂ ಒಣಗಿರುವುದಿಲ್ಲ. ಅದರ ಮೇಲೆ ಸಪೂರ ಟೈರಿನಲ್ಲಿ ತಿರುಗಿಸಿದರೆ ಸೋಪಿನ ಮೇಲೆ ಕಾಲಿಟ್ಟ ಹಾಗೆ. ಇಲ್ಲಿ ನಿಮಗೆ ಬೇಕಾದ್ದು ಕೈ ಯಾವಾಗಲೂ ಬ್ರೇಕಿನ ಹತ್ತಿರ ಇರುವ ಸೈಕಲ್.

ಗಾಳಿಯ ವಿಷಯ ಬೇರೆಯೇ ಇದೆ. ಬೆಳಿಗ್ಗೆ ಬೇಗ ಹೊರಟರೆ ಕರಾವಳಿಯಲ್ಲಿ ಗಾಳಿ ಶಾಂತ. ಬಿಸಿಲೇರಿದ ಮೇಲೆ ಕಡಲಗಾಳಿ ಏಳುತ್ತದೆ, ಪಶ್ಚಿಮದಿಂದ. ನಮ್ಮ ಹೆದ್ದಾರಿ ಕಡಲಿನ ಪಕ್ಕದಲ್ಲೇ ಉತ್ತರ ದಕ್ಷಿಣವಾಗಿ ಹೋಗುತ್ತದಲ್ಲ, ಹಾಗಾಗಿ ಅದು ಪಕ್ಕದಿಂದ ಹೊಡೆಯುತ್ತದೆ. ಅಂಕೋಲಾದಿಂದ ಕಾರವಾರಕ್ಕೆ ವಾಪಸ್ ಬರುವಾಗ ಗಾಳಿ ನಿಮ್ಮ ಎಡಗಡೆಯಿಂದ ಬರುತ್ತದೆ, ತಳ್ಳುವುದು ಬಲಕ್ಕೆ. ಬಲಕ್ಕೆ ಅಂದರೆ ಲಾರಿಗಳಿರುವ ಕಡೆ. ಹಳೆಯ ಟ್ರೈ ಬೈಕ್‌ಗಳನ್ನು ಮಾರುವಾಗ ಸಾಮಾನ್ಯವಾಗಿ 50, 60, ಕೆಲವೊಮ್ಮೆ 80 ಮಿಲಿಮೀಟರ್ ಆಳದ ರಿಮ್ ಜೊತೆಗೇ ಕೊಡುತ್ತಾರೆ. ನೋಡೋಕೆ ಚೆಂದ, ಆದರೆ ಪಕ್ಕದ ಗಾಳಿಗೆ ಅದು ಹಾಯಿ ಇದ್ದ ಹಾಗೆ. ಕಾಳಿ ಸೇತುವೆಯ ಮೇಲೆ ಒಂದು ಸಲ ಇದನ್ನು ಅನುಭವಿಸಿದರೆ ಸಾಕು. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದು ನದಿಗೆ ಬಿದ್ದ ಮೇಲೆ ಎರಡೂ ದಿಕ್ಕಿನ ವಾಹನ ಹೊಸ ಸೇತುವೆಗೇ ಬಂತು. ಆಗ ಸದಾಶಿವಗಡ ಕಡೆಗೆ ಹೋಗುವಾಗ ಎಷ್ಟೋ ಸಲ ನಾನು ಸೈಕಲ್ ಇಳಿದು ಲಾರಿ ಹೋಗಲಿ ಅಂತ ನಿಂತಿದ್ದಿದೆ, ಅದೂ ಸಾಮಾನ್ಯ ಗಾಲಿಯ ರೋಡ್ ಬೈಕಿನಲ್ಲಿ.

ಇನ್ನು ನಿಮ್ಮ ಊರು. ಶಿರಸಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಕಾರವಾರದಿಂದ ಯಾವ ದಾರಿಯಲ್ಲಿ ಹೋದರೂ ಘಟ್ಟ ಹತ್ತಲೇಬೇಕು. ಕುಮಟಾ ಕಡೆಯಿಂದಾದರೆ ದೇವಿಮನೆ ಘಟ್ಟ, ಯಲ್ಲಾಪುರ ಸುತ್ತಿಕೊಂಡು ಹೋದರೆ ಅರಬೈಲ್. ಘಟ್ಟದಲ್ಲಿ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ತೆವಳುವಾಗ ಗಾಳಿ ಲೆಕ್ಕಕ್ಕೇ ಇಲ್ಲ. ಅಲ್ಲಿ ಬೇಕಾದ್ದು ಚಿಕ್ಕ ಗೇರು. ಇವತ್ತು ಸಿಗುವ ಸಾಮಾನ್ಯ ರೋಡ್ ಬೈಕಿನಲ್ಲಿ ಚೈನ್ ಕೂರುವ ಹಲ್ಲುಚಕ್ರಕ್ಕೆ ಮುಂದೆ 34 ಹಲ್ಲು, ಹಿಂದೆ 32 ಸಿಗುತ್ತದೆ. ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದರೆ ವೇಗ ಗಂಟೆಗೆ ಸುಮಾರು 8 ಕಿಲೋಮೀಟರ್, ಅಂದರೆ ಮೊಣಕಾಲಿಗೆ ನೋವಾಗದೆ ಹತ್ತಬಹುದು. ಹಳೆಯ ಟ್ರೈ ಬೈಕಿನಲ್ಲಿ ಮುಂದೆ 39, ಹಿಂದೆ 25 ಇದ್ದರೆ ಅಷ್ಟೇ ಸುತ್ತು ತುಳಿಯಲು ನೀವು ಗಂಟೆಗೆ 12ರ ಹತ್ತಿರ ಹೋಗುತ್ತಿರಬೇಕು. ಹೋಗಲಾಗದಿದ್ದರೆ ಎದ್ದು ನಿಂತು, ಇಡೀ ಮೈಭಾರ ಹಾಕಿ, ಒಂದೊಂದೇ ಸುತ್ತು ಒತ್ತಬೇಕು. ಮೊಣಕಾಲು ಹಾಳಾಗುವುದು ಹೀಗೇ.

ಹತ್ತುವುದಕ್ಕಿಂತ ಇಳಿಯುವುದು ಇನ್ನೂ ಕಷ್ಟ. ಟ್ರೈ ಬೈಕಿನಲ್ಲಿ ಮೈಭಾರ ಮುಂದಿನ ಗಾಲಿಯ ಮೇಲೆ ಜಾಸ್ತಿ. ನೇರ ಹೋಗುವುದಕ್ಕೆ ಅಂತ ಮಾಡಿದ ಸೈಕಲ್ ಅದು, ದೇವಿಮನೆಯ ತಿರುವುಗಳಲ್ಲಿ ಅದಕ್ಕೆ ತಿರುಗುವ ಮನಸ್ಸಿರುವುದಿಲ್ಲ. ಎದುರಿಗೆ ಬಸ್ ತನ್ನ ಪಥ ಬಿಟ್ಟು ಅಗಲವಾಗಿ ತಿರುಗಿಸಿಕೊಂಡು ಬರುತ್ತದೆ, ನೆರಳಿನಲ್ಲಿ ರಸ್ತೆ ಒದ್ದೆ, ಅಂಚಿನಲ್ಲಿ ಎಲೆ ಕೊಳೆತಿರುತ್ತದೆ. ಅಲ್ಲಿ ರೋಡ್ ಬೈಕಿನ ಕೆಳಗಿನ ಬಾಗನ್ನು ಹಿಡಿದು, ಮೈಯನ್ನು ತಗ್ಗಿಸಿ ಸ್ವಲ್ಪ ಹಿಂದಕ್ಕೆ ಸರಿಸಿ, ಎರಡೂ ಬ್ರೇಕ್ ಮೇಲೆ ಎರಡೆರಡು ಬೆರಳು ಇಟ್ಟುಕೊಂಡು ಇಳಿದರೆ ಸೈಕಲ್ ನಿಮ್ಮ ಮಾತು ಕೇಳುತ್ತದೆ. ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗುವವರಾದರೆ ಬಸ್ಸಿನಲ್ಲಿ ಸೈಕಲ್ ಹಾಕಿಕೊಂಡು ಹೋಗಿ, ಶಿರಸಿಯಿಂದ ಬನವಾಸಿಗೆ, ಸೋಂದಾಗೆ, ಸಿದ್ದಾಪುರಕ್ಕೆ ಹೋಗಿಬನ್ನಿ. ಏರಿಳಿತದ ರಸ್ತೆ, ಅಡಿಕೆ ತೋಟದ ತಂಪು, ವಾಹನ ಕಡಿಮೆ. ಕಾಲಿಗೆ ಅದಕ್ಕಿಂತ ಒಳ್ಳೆಯ ತರಬೇತಿ ಹೆದ್ದಾರಿಯಲ್ಲಿ ಸಿಗುವುದಿಲ್ಲ, ಮತ್ತು ಇಂಥ ರಸ್ತೆಯಲ್ಲಿ ಮೊಣಕೈ ಊರಿ ಕೂರುವ ಅವಕಾಶ ಹೆಚ್ಚೆಂದರೆ ಒಟ್ಟು ಹತ್ತು ನಿಮಿಷ.

"ಆದರೆ ಸ್ಪರ್ಧೆಯಲ್ಲಿ ಸಮಯ ಕಳೆದುಕೊಳ್ಳುತ್ತೇನಲ್ಲ" ಅಂತ ನೀವು ಕೇಳಬಹುದು. ಲೆಕ್ಕ ಹಾಕೋಣ. ಸ್ಪ್ರಿಂಟ್‌ನಲ್ಲಿ ಸೈಕಲ್ 20 ಕಿಲೋಮೀಟರ್. ಗಂಟೆಗೆ 28ರಲ್ಲಿ ಹೋದರೆ ಸುಮಾರು 43 ನಿಮಿಷ, 29ರಲ್ಲಿ ಹೋದರೆ ನಲವತ್ತೊಂದೂವರೆ. ಒಂದು ಕಿಲೋಮೀಟರ್ ವೇಗ ಹೆಚ್ಚಿದರೆ ಉಳಿಯುವುದು ಒಂದೂವರೆ ನಿಮಿಷ, ಅಷ್ಟೇ. ಹಾಫ್‌ನ 90 ಕಿಲೋಮೀಟರಿಗೆ ಅದೇ ಒಂದು ಕಿಲೋಮೀಟರ್ ವೇಗ ಆರೂವರೆ ನಿಮಿಷ ಉಳಿಸುತ್ತದೆ. ಇದು ಚಿಕ್ಕದಲ್ಲ, ಒಪ್ಪುತ್ತೇನೆ. ಆದರೆ ಈ ಒಂದು ಕಿಲೋಮೀಟರ್ ವೇಗ ಟ್ರೈ ಬೈಕಿನಿಂದಲೇ ಬರಬೇಕು ಅಂತಿಲ್ಲ. ಮೊದಲ ವರ್ಷದಲ್ಲಿ ವಾರಕ್ಕೆ ನಾಲ್ಕು ದಿನ ಸರಿಯಾಗಿ ಸೈಕಲ್ ತುಳಿದವರು ಅದಕ್ಕಿಂತ ಜಾಸ್ತಿ ಗಳಿಸುವುದನ್ನು ನಾನು ನೋಡುತ್ತಲೇ ಇದ್ದೇನೆ. ಸಡಿಲವಾಗಿ ಪಟಪಟ ಹಾರುವ ಟೀ ಶರ್ಟ್ ಬಿಟ್ಟು ಮೈಗೆ ಅಂಟುವ ಬಟ್ಟೆ ಹಾಕಿದರೂ ಒಂದಿಷ್ಟು ಉಳಿಯುತ್ತದೆ. ಇನ್ನೊಂದು ಮಾತು: 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಶುರುವಾದಾಗಿನಿಂದ ಅಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಲು ಅನುಮತಿ ಇದೆ, ಹಾಗಾಗಿ ಅಲ್ಲಿ ಪದಕ ಗೆಲ್ಲುವವರೆಲ್ಲ ಓಡಿಸುವುದು ಡ್ರಾಪ್ ಬಾರ್ (ಕೆಳಕ್ಕೆ ಬಾಗಿದ ಹ್ಯಾಂಡಲ್) ಇರುವ ರೋಡ್ ಬೈಕನ್ನೇ. ಅಂಥ ಸ್ಪರ್ಧೆಗೆ ಟ್ರೈ ಬೈಕ್ ತಂದರೆ ಒಳಗೇ ಬಿಡುವುದಿಲ್ಲ. "ಟ್ರಯಥ್ಲಾನ್ ಅಂದರೆ ಟ್ರೈ ಬೈಕ್" ಅನ್ನುವ ಮಾತು ಅರ್ಧ ಮಾತ್ರ ನಿಜ.

ಈಗ ಆ 56 ಸೈಜಿನ ಸೈಕಲ್. ಮೇಲಿನದ್ದೆಲ್ಲ ಬಿಡಿ, ಇದೊಂದೇ ಕಾರಣಕ್ಕೂ ನಾನು ಬೇಡ ಅನ್ನುತ್ತಿದ್ದೆ. 5 ಅಡಿ 6 ಇಂಚಿನವರಿಗೆ ಸಾಮಾನ್ಯವಾಗಿ 51ರಿಂದ 53ರ ಸುತ್ತಮುತ್ತ ಬೇಕು, ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ. 56 ಎಂದರೆ ನಿಮಗಿಂತ ನಾಲ್ಕೈದು ಇಂಚು ಎತ್ತರದವರ ಸೈಕಲ್. ಸೀಟು ಕೆಳಗಿಳಿಸಬಹುದು, ಆದರೆ ಫ್ರೇಮಿನ ಉದ್ದ ಕಡಿಮೆ ಮಾಡಲಾಗುವುದಿಲ್ಲ. ಮುಂದಿನ ದಿಂಬಿಗೆ ಮೊಣಕೈ ತಲುಪಿಸಲು ನೀವು ಸೀಟಿನ ಮೂತಿಗೆ ಜಾರಿಕೊಂಡು ಬರುತ್ತೀರಿ. ಇಪ್ಪತ್ತು ನಿಮಿಷಕ್ಕೆ ಕತ್ತು ಹಿಡಿಯುತ್ತದೆ, ನಲವತ್ತು ನಿಮಿಷಕ್ಕೆ ಕೆಳಗೆ ಮರಗಟ್ಟುತ್ತದೆ. ಆಮೇಲೆ ಏನಾಗುತ್ತದೆ ಗೊತ್ತಾ? ನೀವು ಎದ್ದು ಹೊರಗಿನ ಹ್ಯಾಂಡಲ್ ಹಿಡಿದುಕೊಂಡು ಓಡಿಸಲು ಶುರುಮಾಡುತ್ತೀರಿ. ಆಗ ಗಾಳಿ ತಪ್ಪಿಸುವ ಲಾಭವೂ ಇಲ್ಲ, ಗೇರೂ ಕೈಗೆ ಸಿಗುವುದಿಲ್ಲ. ದೊಡ್ಡ ದುಡ್ಡು ಕೊಟ್ಟು ಸಾಮಾನ್ಯ ಸೈಕಲ್ಲಿಗಿಂತ ನಿಧಾನ ಹೋಗುವವರನ್ನು ನಾನು ಹೀಗೆಯೇ ನೋಡಿದ್ದೇನೆ. ಅಂಕೋಲಾದ ಒಬ್ಬ ಹುಡುಗ ಇಂಥದ್ದೇ ಸೈಕಲ್ ತಂದು ಮೂರು ತಿಂಗಳಿಗೆ ಸೈಕಲ್ಲೇ ಬೇಡ ಅಂತ ಬಿಟ್ಟ. ಅವನು ಒಳ್ಳೆಯ ಈಜುಗಾರ. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ಹಳೆಯ ಕಾರ್ಬನ್ ಸೈಕಲ್ ಅಂದಮೇಲೆ ಇನ್ನೂ ಕೆಲವು ಇವೆ. ಅದರ ಸೀಟ್ ಕಂಬ, ಹ್ಯಾಂಡಲ್ ಹಿಡಿದಿಡುವ ಸ್ಟೆಮ್, ಫ್ರೇಮಿನೊಳಗೆ ಬಚ್ಚಿಟ್ಟ ಬ್ರೇಕ್, ಇವೆಲ್ಲ ಹಲವು ಸಲ ಆ ಮಾಡೆಲ್ಲಿಗೆ ಮಾತ್ರ ಹೊಂದುವ ಭಾಗಗಳು. ಒಂದು ತುಂಡಾದರೆ ಕಾರವಾರ ಬಿಡಿ, ಹುಬ್ಬಳ್ಳಿಯಲ್ಲೂ ಸಿಗುವುದು ಕಷ್ಟ. ರಿಮ್ ಕಾರ್ಬನ್ ಇದ್ದು ಬ್ರೇಕ್ ರಿಮ್ಮಿಗೇ ಒತ್ತುವ ಹಳೆಯ ಬಗೆಯಾದರೆ ಮಳೆಯಲ್ಲಿ ಬ್ರೇಕ್ ಹಿಡಿದು ಒಂದು ಗಳಿಗೆ ಕಾಯಬೇಕಾಗುತ್ತದೆ. ಟೈರ್ ಅಂಟಿಸುವ ಬಗೆಯದ್ದಾದರೆ ಘಟ್ಟದ ಮಧ್ಯೆ ಪಂಕ್ಚರ್ ಆದಾಗ ಟ್ಯೂಬ್ ಬದಲಾಯಿಸಿ ಹೊರಡುವ ಹಾಗಿಲ್ಲ. ಹಳೆಯ ಫ್ರೇಮ್‌ಗಳಲ್ಲಿ 23 ಅಥವಾ 25 ಮಿಲಿಮೀಟರಿಗಿಂತ ಅಗಲದ ಟೈರ್ ಹಿಡಿಯುವುದೂ ಅಪರೂಪ, ನಮ್ಮ ರಸ್ತೆಗೆ ಅದು ಸಾಲದು.

ಹಾಗಾದರೆ ಏನು ಕೊಳ್ಳಬೇಕು? ಅಲ್ಯೂಮಿನಿಯಂ ಫ್ರೇಮ್, ಮುಂದಿನ ಫೋರ್ಕ್ ಕಾರ್ಬನ್ ಇದ್ದರೆ ಒಳ್ಳೆಯದು. ಡಿಸ್ಕ್ ಬ್ರೇಕ್ ಇರಲಿ, ಮಳೆ ಮತ್ತು ಘಟ್ಟ ಎರಡೂ ಇರುವ ನಾಡಿನಲ್ಲಿ ಇದರ ಬಗ್ಗೆ ನನಗೆ ಎರಡನೇ ಮಾತಿಲ್ಲ. ಟೈರ್ 28 ಹಿಡಿಯಬೇಕು, 32 ಹಿಡಿದರೆ ಇನ್ನೂ ಸರಿ. ಗೇರಿನ ವಿಷಯದಲ್ಲಿ ಶಿಮಾನೊದ ಕ್ಲಾರಿಸ್, ಸೋರಾ, ಟಿಯಾಗ್ರಾ, 105 ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ನಿಮಗೆ ಸೋರಾ ಮಟ್ಟದ್ದು ಧಾರಾಳ ಸಾಕು. ಫ್ರೇಮಿನ ಬಗೆಯಲ್ಲಿ 'ಎಂಡ್ಯೂರೆನ್ಸ್' ಅನ್ನುವುದನ್ನು ನೋಡಿ, ಹ್ಯಾಂಡಲ್ ಸ್ವಲ್ಪ ಎತ್ತರ ಇರುತ್ತದೆ, ಬೆನ್ನಿಗೆ ಹಿತ. 1 ಲಕ್ಷ 20 ಸಾವಿರ ಪೂರ್ತಿ ಸೈಕಲ್ಲಿಗೇ ಸುರಿಯಬೇಡಿ. 75, 80 ಸಾವಿರದೊಳಗೆ ಸೈಕಲ್ ಮುಗಿಸಿ, ಉಳಿದದ್ದರಲ್ಲಿ ಒಳ್ಳೆಯ ಹೆಲ್ಮೆಟ್, ಶೂ ಕಚ್ಚಿಕೊಳ್ಳುವ ಕ್ಲಿಪ್ ಪೆಡಲ್ ಮತ್ತು ಅದರ ಶೂ, ಪಂಪು, ಎರಡು ಟ್ಯೂಬ್, ಹಿಂದೆ ಮುಂದೆ ಲೈಟು, ಪ್ಯಾಡ್ ಇರುವ ಎರಡು ಚಡ್ಡಿ. ಸರಿಯಾದ ಬೈಕ್ ಫಿಟ್ಟಿಂಗ್‌ಗೂ, ಅಂದರೆ ಸೈಕಲ್ಲನ್ನು ನಿಮ್ಮ ಮೈಗೆ ಹೊಂದಿಸುವುದಕ್ಕೂ, ಸ್ವಲ್ಪ ಎತ್ತಿಡಿ, ಅದಕ್ಕಾಗಿ ಗೋವಾಕ್ಕೋ ಬೆಂಗಳೂರಿಗೋ ಹೋಗಬೇಕಾಗಿ ಬಂದರೂ ಹೋಗಿ. ಮತ್ತೆ ಈಜಿಗೆ ಒಬ್ಬ ಒಳ್ಳೆಯ ತರಬೇತುದಾರರಿಗೆ ದುಡ್ಡು ಕೊಡಿ. ಈಗ ಕಲಿಯುತ್ತಿದ್ದೇನೆ ಅಂದಿರಲ್ಲ, ಕಡಲಲ್ಲಿ ಸ್ಪ್ರಿಂಟ್‌ನ 750 ಮೀಟರ್ ದಣಿವಿಲ್ಲದೆ ಈಜಿ ಬಂದವರು ಸೈಕಲ್ಲಿನಲ್ಲಿ ಗಳಿಸುವ ಸಮಯ ಯಾವ ಕಾರ್ಬನ್ನೂ ಕೊಡುವುದಿಲ್ಲ.

ಮೊದಲ ನಾಲ್ಕೈದು ತಿಂಗಳು ಏರೋಬಾರ್ ಹಾಕಬೇಡಿ. ಒಂದು ಕೈ ಬಿಟ್ಟು ನೇರ ಹೋಗುವುದು, ಓಡಿಸುತ್ತಲೇ ಬಾಟಲಿ ತೆಗೆದು ಕುಡಿದು ವಾಪಸ್ ಇಡುವುದು, ಹಿಂದೆ ತಿರುಗಿ ನೋಡುವಾಗ ಗೆರೆ ತಪ್ಪದಿರುವುದು, ಇವು ಮೊದಲು ಬರಲಿ. ಕಾರವಾರದಿಂದ ಕಡವಾಡ, ಮಲ್ಲಾಪುರ ದಾಟಿ ಕದ್ರಾವರೆಗೆ ಕಾಳಿ ನದಿ ಪಕ್ಕದ ರಸ್ತೆ ಇದಕ್ಕೆ ಬಹಳ ಒಳ್ಳೆಯದು, ಹೆದ್ದಾರಿಯ ಗಲಾಟೆ ಇಲ್ಲ. ಆಮೇಲೆ ಒಂದು ಜೋಡಿ ಗಿಡ್ಡ ಕ್ಲಿಪ್-ಆನ್ ಏರೋಬಾರ್ ತಂದು ರೋಡ್ ಬೈಕಿನ ಹ್ಯಾಂಡಲ್ಲಿಗೆ ಬಿಗಿಯಿರಿ. ಸೀಟನ್ನು ಒಂದೆರಡು ಸೆಂಟಿಮೀಟರ್ ಮುಂದೆ ಸರಿಸಿ, ಸರಿಸಿದ್ದಕ್ಕೆ ತಕ್ಕಂತೆ ಕೂದಲೆಳೆಯಷ್ಟು ಮೇಲೆತ್ತಿ. ತುಂಬ ಬಗ್ಗುವ ಆಸೆ ಬೇಡ. ಮೊದಲು ಐದು ನಿಮಿಷ, ಮುಂದಿನ ವಾರ ಹತ್ತು. ಖಾಲಿ ನೇರ ರಸ್ತೆಯಲ್ಲಿ ಮಾತ್ರ. ಊರೊಳಗೆ, ಸೇತುವೆ ಮೇಲೆ, ಇಳಿಜಾರಿನಲ್ಲಿ, ಗುಂಪಿನಲ್ಲಿ ಹೋಗುವಾಗ ಅದರ ಮೇಲೆ ಕೈ ಇಡಲೇಬಾರದು, ಇದರಲ್ಲಿ ರಾಜಿ ಇಲ್ಲ ಮಾರಾಯ್ರೆ. ಗೋವಾದ ಹಾಫ್‌ಗೆ ಈ ಸೈಕಲ್ಲಿನಲ್ಲೇ ಧೈರ್ಯವಾಗಿ ಹೋಗಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊರಗೆ ನಿಯಮಿತವಾಗಿ ಓಡಿಸುವುದು ಆಗದ ಮಾತು. ಆ ನಾಲ್ಕು ತಿಂಗಳು ಮನೆಯೊಳಗೆ ಸೈಕಲ್ಲನ್ನು ಟ್ರೈನರ್ (ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಹಾಕಿ ತುಳಿಯಿರಿ, ಏರೋ ಭಂಗಿ ಅಭ್ಯಾಸಕ್ಕೆ ಅದಕ್ಕಿಂತ ಸುರಕ್ಷಿತ ಜಾಗ ಇಲ್ಲ. ಆದರೆ ಬೆವರಿನ ಬಗ್ಗೆ ಎಚ್ಚರ. ಕಳೆದ ಮಳೆಗಾಲ ಮುಗಿದ ಮೇಲೆ ಒಬ್ಬರ ಸೈಕಲ್ ರಿಪೇರಿಗೆ ಬಂತು. ಮೊಣಕೈ ದಿಂಬಿನ ಕೆಳಗಿನ ನಾಲ್ಕು ಬೋಲ್ಟು ಬಿಚ್ಚಲು ಹೋದರೆ ಅಲೆನ್ ಕೀ ಒಳಗೆ ಕೂರುತ್ತಲೇ ಇಲ್ಲ. ಬೋಲ್ಟಿನ ತಲೆಯ ಆರು ಮೂಲೆಯೂ ತುಕ್ಕಿನಲ್ಲಿ ಉರುಟಾಗಿ ಹೋಗಿತ್ತು. ಒಂದನ್ನು ಕೊರೆದು ತೆಗೆಯಬೇಕಾಯಿತು, ಒಳಗಿಂದ ಬಂದದ್ದು ಕಾಫಿಪುಡಿಯಂಥ ಕಂದು ಹುಡಿ. ಹೊರಗೆ ಕಡಲ ಉಪ್ಪಿನ ಗಾಳಿ, ಒಳಗೆ ಬೆವರಿನ ಉಪ್ಪು. ಕಾರವಾರದಲ್ಲಿ ಸೈಕಲ್ ಇಟ್ಟುಕೊಂಡವರು ಪ್ರತಿ ಸಲ ಓಡಿಸಿ ಬಂದ ಮೇಲೆ ಸಿಹಿನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಚೈನಿಗೆ ಎಣ್ಣೆ ಕೊಡಬೇಕು, ತಿಂಗಳಿಗೊಮ್ಮೆ ಸೀಟ್ ಕಂಬ ಹೊರಗೆಳೆದು ಗ್ರೀಸ್ ಹಚ್ಚಬೇಕು. ಪೈಪಿನಿಂದ ಜೋರಾಗಿ ನೀರು ಹೊಡೆಯಬೇಡಿ, ಬೇರಿಂಗ್ ಒಳಗೆ ಹೋಗಿ ಕೂರುತ್ತದೆ.

ಟ್ರೈ ಬೈಕ್ ಯಾವತ್ತೂ ಬೇಡವಾ? ಹಾಗಲ್ಲ. ನೀವು ಎರಡು ಹಾಫ್ ಮುಗಿಸಿ, ಏರೋಬಾರ್ ಮೇಲೆ ಒಂದು ಗಂಟೆ ಎದ್ದೇಳದೆ ಕೂರುವಂತಾಗಿ, ಸೈಕಲ್ಲೇ 180 ಕಿಲೋಮೀಟರ್ ಇರುವ ಫುಲ್ ಐರನ್‌ಮ್ಯಾನ್‌ಗೆ ಮನಸ್ಸು ಮಾಡಿದಾಗ ಕೇಳಿ, ನಾನೇ ಜೊತೆಗೆ ಬಂದು ಆರಿಸಿಕೊಡುತ್ತೇನೆ. ಅಷ್ಟು ಉದ್ದಕ್ಕೆ ಆ ಮುಂದಿನ ಸೀಟು, ಆ ಗಟ್ಟಿ ದಿಂಬು, ಕೈ ಕದಲಿಸದೆ ಬದಲಾಗುವ ಗೇರು ಎಲ್ಲವೂ ದುಡ್ಡಿಗೆ ತಕ್ಕ ಕೆಲಸ ಮಾಡುತ್ತವೆ. ಆಗಲೂ ಈ ರೋಡ್ ಬೈಕ್ ಮಾರಬೇಡಿ, ಶಿರಸಿಗೆ ಹೋಗಲು ಇದೇ ಬೇಕು. ಎರಡು ಸಲ ದುಡ್ಡು ಹಾಕಿದ ಹಾಗಾಗಲಿಲ್ಲ ಅಲ್ವಾ, ಎರಡು ಬೇರೆ ಬೇರೆ ಕೆಲಸಕ್ಕೆ ಎರಡು ಸೈಕಲ್.

ಅಂಗಡಿಗೆ ಹೋಗುವ ಮೊದಲು ಒಂದು ಅಳತೆ ತಗೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ಬೆನ್ನು ಮೇಲಾಗಿ ಕಾಲುಗಳ ನಡುವೆ ಹಿಡಿದು, ಸೀಟಿನ ಮೇಲೆ ಕೂತಷ್ಟೇ ಗಟ್ಟಿಯಾಗಿ ಮೇಲಕ್ಕೆ ಒತ್ತಿ. ಮನೆಯವರೊಬ್ಬರು ಪುಸ್ತಕದ ಮೇಲಂಚಿಗೆ ಗೋಡೆಯಲ್ಲಿ ಪೆನ್ಸಿಲ್ ಗುರುತು ಹಾಕಲಿ. ನೆಲದಿಂದ ಅಲ್ಲಿಗೆ ಎಷ್ಟು ಸೆಂಟಿಮೀಟರ್ ಅಂತ ಅಳೆದು 0.883ರಿಂದ ಗುಣಿಸಿ. ಲೆಮಾಂಡ್ ಬಳಸುತ್ತಿದ್ದ ಲೆಕ್ಕವೇ ಇದು. 79 ಬಂದರೆ ಸುಮಾರು 69.8, ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ ಅಷ್ಟು ಎತ್ತರ ಇರಬೇಕು. ಅಂಗಡಿಯಲ್ಲಿ ಸೀಟನ್ನು ಆ ಎತ್ತರಕ್ಕೆ ಇಡಿಸಿ, ಹತ್ತಿ ಕೂತು, ಬ್ರೇಕ್ ಮೇಲಿನ ಜಾಗದಲ್ಲಿ ಕೈ ಇಡಿ. ಮೊಣಕೈ ಸ್ವಲ್ಪ ಮಡಚಿಕೊಂಡಿದ್ದು ಭುಜ ಕಿವಿಯ ಹತ್ತಿರ ಏರದಿದ್ದರೆ ಆ ಸೈಜ್ ನಿಮ್ಮದು. ಅಂಗಡಿಯವರು ಒಂದು ಸುತ್ತು ಓಡಿಸಲು ಬಿಡದಿದ್ದರೆ ಬೇರೆ ಅಂಗಡಿಗೆ ಹೋಗಿ. ಅಳತೆ ಬರೆದು ಕಳಿಸಿದರೆ, ನೀವು ನೋಡಿಟ್ಟ ಎರಡು ಮೂರು ಮಾಡೆಲ್ಲಿನಲ್ಲಿ ಯಾವುದು ಹೊಂದುತ್ತದೆ ಅಂತ ನಾನು ನೋಡಿ ಹೇಳುತ್ತೇನೆ.